ತಲೆ ಎತ್ತಬಾರದ ಕೆಲಸ

ಫೆಬ್ರವರಿ 4, ಮಂಗಳವಾರ

ಇತ್ತ ಎಲ್ಲರೂ ಕ್ಷೇಮ.

ನೋಡಿ, ಅಣ್ಣನಿಗೂ ತಂಗಿಗೂ ಕಾಗದ ಬರೆದು ಪಳಗಿದ ಕೈ, ಪೆನ್ನು ಹಿಡಿದ ಕೂಡಲೇ ಕ್ಷೇಮ ಎಂದು ಬರೆದುಬಿಡುತ್ತದೆ. ಈ ಡೈರಿಯನ್ನು ಓದುವವರು ಯಾರೂ ಇಲ್ಲ. ಮಗಳ ಬ್ಯಾಂಕಿನಲ್ಲಿ ಹಂಚಿ ಉಳಿದದ್ದನ್ನು ಅವಳು ನನಗೆ ತಂದುಕೊಟ್ಟಿದ್ದಾಳೆ. ಶಾಲೆಯ ಮುಖ ನೋಡದೆ, ಗೋಡೆಗೆ ಅಂಟಿಸಿದ ಜಾಹೀರಾತು ಓದಿ ಅಕ್ಷರ ಕಲಿತವನಿಗೆ ಇಷ್ಟು ನಯವಾದ ಹಾಳೆ ದಂಡ. ಆದರೂ ಇವತ್ತಿನ ಸಂಗತಿ ಅಣ್ಣನಿಗೆ ಬರೆಯುವಂಥದ್ದಲ್ಲ. ಬರೆದರೆ "ಹೆಂಡತಿಗೆ ಒಂದು ಮಾತು ಹೇಳಿ ಸರಿಮಾಡು" ಎಂದು ಉತ್ತರ ಬರುತ್ತದೆ. ಒಂದು ಮಾತಿಗೆ ಸರಿಹೋಗುವ ಹೆಂಡತಿ ಅವನಿಗೆ ಇರಬಹುದು.

ಸಂಜೆ ಕಂಟ್ರಾಕ್ಟರು ಮನೆಗೇ ಬಂದಿದ್ದರು. ಎತ್ತರದ ಕಟ್ಟಡ, ನೀರಿನ ಟ್ಯಾಂಕು, ಗೋಪುರ ಇಂಥವಕ್ಕೆ ಬಣ್ಣ ಹೊಡೆಸುವವರು ಅವರು. ಹೊಡೆಯುವವಳು ನಮ್ಮನೆಯವಳು. ಅವಳ ಹಗ್ಗ ಹಿಡಿಯುವವನು ನಾನು. ಮದುವೆಯಾದ ಹೊಸದರಲ್ಲಿ ನಾನೇ ಹತ್ತಬೇಕಿತ್ತು. ಏಣಿಯ ಮೂರನೇ ಮೆಟ್ಟಿಲಿಗೆ ನನಗೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟಾಗ, "ಸರೀರಿ ಆ ಕಡೆ" ಎಂದು ಇವಳು ಹತ್ತಿದವಳು, ಇವತ್ತಿಗೂ ಇಳಿದಿಲ್ಲ ಎನ್ನಬೇಕು.

ಕಂಟ್ರಾಕ್ಟರು ತಂದದ್ದು ಎರಡು ಸುದ್ದಿ. ಮೊದಲನೆಯದು, ಬಣ್ಣ, ಏಣಿ, ಹಗ್ಗ ಇಡುವ ಅವರ ಸ್ಟೋರಿನಲ್ಲಿ ನಮ್ಮಿಬ್ಬರಿಗೂ ಕಾಯಂ ಕೆಲಸ. ಹಿಂದೆಯೇ ಎರಡು ಕೋಣೆಯ ಮನೆ. ನೆರಳು, ಫ್ಯಾನು, ವಾರಕ್ಕೊಂದು ರಜೆ. ಕೇಳುತ್ತಿದ್ದಂತೆ ನನ್ನ ಮೊಣಕಾಲುಗಳೇ ಅವರಿಗೆ ಕೈ ಮುಗಿದವು.

ಎರಡನೆಯದನ್ನು ಅವರು ಎದ್ದು ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದರು. "ಹಳೇ ಗಿರಣಿ ಮತ್ತೆ ಶುರುವಾಗ್ತಿದೆ. ಅದರ ಚಿಮಣಿಗೆ ಬಣ್ಣ ಬೇಕಂತೆ. ಬೇರೆ ಕಡೆಯಿಂದ ಜನ ಕರೆಸಬೇಕು ಅಂತಿದೀನಿ, ಅಕ್ಕಾ."

ಇವಳು ತೊಳೆಯುತ್ತಿದ್ದ ಲೋಟವನ್ನು ಕೆಳಗಿಟ್ಟಳು. "ಬೇರೆ ಕಡೆಯವರು ಯಾಕೆ? ನಾನೇನು ಸತ್ತಿದೀನಾ?"

ಅಷ್ಟೇ. ನನ್ನ ಫ್ಯಾನು ಅಲ್ಲಿಗೇ ನಿಂತಿತು.

ಫೆಬ್ರವರಿ 6, ಗುರುವಾರ

ಆ ಚಿಮಣಿ ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ. ಪಾತ್ರೆ ತೊಳೆಯುವಾಗ ಅವಳ ಮುಖ ಇರುವುದೇ ಆ ಕಡೆಗೆ. ಊರಲ್ಲಿ ಅವಳು ಬಣ್ಣ ಹೊಡೆಯದ ಎತ್ತರ ಅದೊಂದೇ. ಅದರ ತುದಿಯಲ್ಲಿ ಅಂಚು ಮನೆಯ ಸೂರಿನ ಹಾಗೆ ಹೊರಕ್ಕೆ ಚಾಚಿದೆ. ಆ ಸೂರಿನ ಅಡಿಗೆ ಬಣ್ಣ ತಾಗಬೇಕಾದರೆ, ಕೂತ ಹಲಗೆಯಲ್ಲಿ ಹಿಂದಕ್ಕೆ ಮಲಗಿ, ಗೋಡೆಯನ್ನು ಒದ್ದು, ಉಯ್ಯಾಲೆಯಂತೆ ತೂಗಿ ಒಳಗೆ ನುಗ್ಗಬೇಕು. ಅವಳ ವಯಸ್ಸಿನವರು ಮಂಚದಿಂದ ಏಳುವಾಗ ಗೋಡೆ ಹಿಡಿಯುತ್ತಾರೆ.

"ಸ್ಟೋರು ಎಲ್ಲೂ ಓಡಿ ಹೋಗಲ್ಲ, ಇದೊಂದು ಮುಗಿಸಿ ಹೋಗೋಣ" ಎನ್ನುತ್ತಾಳೆ.

"ಓಡಿ ಹೋಗುತ್ತೆ. ಒಂದನೇ ತಾರೀಖಿಗೆ ಬರಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತಾರಂತೆ."

"ಹಾಗಾದ್ರೆ ಒಂದನೇ ತಾರೀಖಿನೊಳಗೆ ಮುಗಿಸೋಣ."

ಇಂಥವಳ ಹತ್ತಿರ ಏನು ವಾದ ಮಾಡುವುದು? ತಲೆ ಕೆಟ್ಟು ಮೊಸರಾಗಿದೆ.

ಒಂದು ಗುಟ್ಟನ್ನು ಇಲ್ಲಿ ಬರೆದಿಡುತ್ತೇನೆ. ಹಗ್ಗ ಹಿಡಿಯುವವನು ಮೇಲೆ ನೋಡಬಾರದು. ನಮ್ಮ ಕಸುಬಿನಲ್ಲಿ ಮೊದಲು ಕಲಿಸುವ ಮಾತು ಇದು. ನೋಡಿದರೆ ಎದೆ ಝಲ್ಲೆನ್ನುತ್ತದೆ, ಕೈ ತಾನಾಗಿ ಎಳೆಯುತ್ತದೆ. ಅವಳ ನಡುವಿನ ಪಟ್ಟಿಯಿಂದ ಹೊರಟ ಹಗ್ಗ ತುದಿಯ ರಾಟೆ ಹತ್ತಿ ಇಳಿದು, ಕಬ್ಬಿಣದ ಗೂಟಕ್ಕೆ ಸುತ್ತು ಹಾಕಿ ನನ್ನ ಅಂಗೈಗೆ ಬರುತ್ತದೆ. ನನ್ನ ಕಣ್ಣು ಗೂಟದ ಮೇಲೆ, ಬುದ್ಧಿ ಅಂಗೈಯಲ್ಲಿ. ಒಂದು ಎಳೆತ ಬಂದರೆ ನಿಲ್ಲಿಸು, ಎರಡು ಬಂದರೆ ಸಡಿಲ ಬಿಡು. ಹೀಗಾಗಿ ಇಷ್ಟು ವರ್ಷವಾದರೂ ನಮ್ಮನೆಯವಳು ಮೇಲೆ ಕೆಲಸ ಮಾಡುವುದನ್ನು ನಾನು ಕಂಡೇ ಇಲ್ಲ. ಊರೆಲ್ಲ ನೋಡಿದೆ, ನಾನು ನೋಡಿಲ್ಲ.

ಆದರೆ ಊರಿಗೆ ತಿಳಿಯದ್ದು ನನಗೆ ತಿಳಿದಿದೆ. ದಿನಕ್ಕೆ ಒಂದೆರಡು ಸಲ ಹಗ್ಗದಲ್ಲಿ ಒಂದು ಸಣ್ಣ ನಡುಕ ಬರುತ್ತದೆ. ಅದು ಅವಳ ಹೆದರಿಕೆ. ಬಾಯಲ್ಲಿ ಎಷ್ಟೇ ಜೋರು ಮಾಡಲಿ, ಹಗ್ಗ ಸುಳ್ಳು ಹೇಳುತ್ತದೆಯೇ? ಆಗ ನಾನು ಸ್ವಲ್ಪ ಬಿಗಿ ಮಾಡುತ್ತೇನೆ, ನಾನಿದ್ದೇನೆ ಕಣೇ ಎಂದು. ನಡುಕ ನಿಲ್ಲುತ್ತದೆ. ಆ ಮಾತನ್ನು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಗಂಡ ಹೆಂಡಿರ ನಡುವೆ ಕೆಲವು ಹಾಗೇ ಇರಬೇಕು.

ಅದಕ್ಕೇ ಹೇಳುವುದು, ಅವಳಿಗೆ ಆ ಚಿಮಣಿ ಬೇಡ.

ಫೆಬ್ರವರಿ 9, ಭಾನುವಾರ

ಮಗಳನ್ನು ಕರೆಸಿದೆ. ನನ್ನ ಪರವಾಗಿ ಮಾತಾಡಲಿ ಎಂದು. ಮಾತಾಡಿದಳು ಪಾಪ, ಬ್ಯಾಂಕಿನಲ್ಲಿ ಮಾತಾಡುವ ಹಾಗೆ ಒಂದೊಂದೇ ಬೆರಳು ಮಡಿಸಿ.

"ಅಮ್ಮಾ, ಕಾಯಂ ಕೆಲಸ, ಮನೆ, ಅಪ್ಪನ ಮೊಣಕಾಲು. ಇಷ್ಟನ್ನೂ ಬಿಟ್ಟು ಒಂದು ಚಿಮಣಿನಾ? ನಿನ್ನ ವಯಸ್ಸಿನವರು ಏನ್ಮಾಡ್ತಾರೆ ಗೊತ್ತಾ?"

"ನಿನ್ನ ವಯಸ್ಸಲ್ಲಿ ನಾನು ನಿನ್ನನ್ನ ಹೊಟ್ಟೇಲಿಟ್ಕೊಂಡು ನೀರಿನ ಟ್ಯಾಂಕು ಹತ್ತಿದ್ದೆ."

"ಅದಕ್ಕೇ ನನಗೆ ಸ್ಟೂಲು ಹತ್ತಿದ್ರೂ ತಲೆ ಸುತ್ತೋದು!"

"ಅದು ನಿಮ್ಮಪ್ಪನ ಕಡೆಯಿಂದ ಬಂದದ್ದು. ನನ್ನ ಮೇಲೆ ಹಾಕಬೇಡ."

ಮಗಳು ನಕ್ಕುಬಿಟ್ಟಳು. ನಕ್ಕ ಮೇಲೆ ಮುಗಿಯಿತಲ್ಲ. ಹೋಗುವಾಗ ಗೇಟಿನ ಹತ್ತಿರ, "ಅಪ್ಪಾ, ನೀವು ಹಗ್ಗ ಹಿಡಿಯಲ್ಲ ಅಂದುಬಿಡಿ. ಆಗ ಹತ್ತೋದು ಹೇಗೆ?" ಎಂದಳು. ಉಪಾಯ ಒಳ್ಳೆಯದೇ. ಆದರೆ ನಾನು ಹಿಡಿಯುವುದಿಲ್ಲ ಎಂದರೆ ಬೇರೆ ಯಾರೋ ಹಿಡಿಯುತ್ತಾರೆ. ಅದನ್ನು ನೆನೆದರೆ ಇನ್ನೂ ಹೆದರಿಕೆ.

ಫೆಬ್ರವರಿ 12, ಬುಧವಾರ

ಇವತ್ತಿನದನ್ನು ಇವತ್ತೇ ಬರೆದಿಡಬೇಕು. ಅಕ್ಷರ ಸೊಟ್ಟಗಾದರೆ ಆಗಲಿ.

ಚಿಮಣಿಗೆ ಮುಂಚೆ ಅಭ್ಯಾಸಕ್ಕೆಂದು ನೀರಿನ ಟ್ಯಾಂಕಿನ ಅಡಿಭಾಗಕ್ಕೆ ಹೋಗಿದ್ದೆವು. ಅಲ್ಲೂ ಹೊರಚಾಚಿದ ಅಂಚಿದೆ. ಎರಡು ಎಳೆತ ಬಂತು, ಸಡಿಲ ಬಿಟ್ಟೆ. ಆಗ ಆ ನಡುಕ ಬಂತು. ಯಾವತ್ತಿಗಿಂತ ಜೋರಾಗಿ. ನನಗೆ ಚಿಮಣಿಯ ನೆನಪಾಯಿತು, ಏನೇನೋ ಕಣ್ಣಿಗೆ ಕಟ್ಟಿತು, ಸ್ವಲ್ಪ ಬಿಗಿ ಮಾಡುವ ಕಡೆ ಗಟ್ಟಿಯಾಗಿ ಎಳೆದು ಗೂಟಕ್ಕೆ ಸುತ್ತಿಬಿಟ್ಟೆ. ಅವಳು ಅದೇ ಹೊತ್ತಿಗೆ ಗೋಡೆ ಒದ್ದು ತೂಗಿದ್ದಾಳೆ. ಹಗ್ಗ ಅವಳನ್ನು ನಡುವೆಯೇ ಹಿಡಿದು ಗಿರ್ರನೆ ತಿರುಗಿಸಿ ಗೋಡೆಗೆ ಬಡಿಯಿತು. ಬಣ್ಣದ ಡಬ್ಬ ನನ್ನ ಪಕ್ಕದಲ್ಲೇ ಬಿದ್ದು, ನನ್ನ ಪಂಚೆ ಅರ್ಧ ನೀಲಿ.

ಇಳಿದು ಬಂದಳು. ಎಡ ಭುಜ ತರಚಿತ್ತು. ಪಟ್ಟಿ ಬಿಚ್ಚುತ್ತ ನನ್ನ ಮುಖ ನೋಡಿ ಕೇಳಿದಳು:

"ಏನ್ರೀ, ನೀವು ಹಗ್ಗ ಹಿಡ್ಕೊಂಡಿದ್ರೋ, ನನ್ನನ್ನ ಹಿಡ್ಕೊಂಡಿದ್ರೋ?"

ಅವಳ ಜೀವ ಕಾಯಬೇಕಾದ ಹಗ್ಗವೇ ಅವಳನ್ನು ಗೋಡೆಗೆ ಹೊಡೆಯಿತು. ಬೇರೆ ಯಾರಾದರೂ ಎಳೆದಿದ್ದರೆ ನಾನು ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ.

ಫೆಬ್ರವರಿ 13, ಗುರುವಾರ

ಭುಜಕ್ಕೆ ಬಿಸಿನೀರಿನ ಬಟ್ಟೆ ಇಟ್ಟೆ. ಇಡಲು ಬಿಟ್ಟಳು. ಮಾತಿಲ್ಲ.

ಫೆಬ್ರವರಿ 14, ಶುಕ್ರವಾರ

ಮಾತು ಬಂತು. ಬಾರದೇ ಇದ್ದಿದ್ದರೆ ಚೆನ್ನಾಗಿತ್ತು.

"ತಮ್ಮನಿಗೆ ಫೋನು ಮಾಡಿದೀನಿ. ನಾಳೆ ಬರ್ತಾನೆ. ಹಗ್ಗ ಅವನು ಹಿಡೀತಾನೆ. ನೀವು ಸ್ಟೋರಿಗೆ ಹೋಗಿ ಸೇರ್ಕೊಳ್ಳಿ, ನಿಮಗೂ ಸಮಾಧಾನ."

"ಮತ್ತೆ ನೀನು?"

"ನಾನು ಚಿಮಣಿ ಮುಗಿಸ್ತೀನಿ. ಆಮೇಲಿಂದು ಆಮೇಲೆ."

ಕೋಪದಿಂದ ಹೇಳಿದ್ದಲ್ಲ. ಕೋಪವಿದ್ದಿದ್ದರೆ ಇಳಿಯುತ್ತಿತ್ತು. ಅವಳ ತಮ್ಮ ಪೈಲ್ವಾನ. ಹಾಗೆಂದು ಎಲ್ಲರೂ ಕರೆಯುವುದು. ಬೇರೆ ಊರಿನ ತಂಡದಲ್ಲಿ ಹಗ್ಗ ಹಿಡಿಯುತ್ತಾನೆ, ಕೆಲಸ ಬಲ್ಲವನು. ಅವನ ಅಂಗೈ ನನ್ನ ಎರಡು ಅಂಗೈಯಷ್ಟಿದೆ. ಸರಿಯಾದ ಆಳು. ತಕರಾರು ಹೇಳಲು ಏನೂ ಸಿಗಲಿಲ್ಲ, ಅದೇ ಹೊಟ್ಟೆಯುರಿ.

ಫೆಬ್ರವರಿ 17, ಸೋಮವಾರ

ಸ್ಟೋರಿನ ಮೊದಲ ದಿನ. ಕುರ್ಚಿಗೆ ಬೆನ್ನಿದೆ. ಬೆನ್ನಿರುವ ಕುರ್ಚಿಯಲ್ಲಿ ಕೂತು ನಾನು ಕೆಲಸ ಮಾಡುತ್ತಿರುವುದು ಇದೇ ಮೊದಲು. ಫ್ಯಾನು ಕಿರ್‌ ಕಿರ್‌ ಎನ್ನುತ್ತದೆ, ಆದರೆ ತಿರುಗುತ್ತದೆ. ಒಂದು ಕಡೆ ಡಬ್ಬಗಳು, ಒಂದು ಕಡೆ ಕುಂಚಗಳು, ಮೂಲೆಯಲ್ಲಿ ಏಣಿಗಳು, ಕಮಟು ಟರ್ಪೆಂಟೈನ್ ವಾಸನೆ. ಮನೆಯನ್ನೂ ನೋಡಿ ಬಂದೆ. ಅಡುಗೆಮನೆಗೆ ಒಳ್ಳೆಯ ಬೆಳಕು. ಕಿಟಕಿಯಿಂದ ಕಾಣುವುದು ಪಕ್ಕದ ಗೋಡೆ.

ಬೆಳಿಗ್ಗೆಯೆಲ್ಲ ಕುಂಚ ಜೋಡಿಸಿದೆ. ಮಧ್ಯಾಹ್ನ ಮೂಲೆಯಲ್ಲಿದ್ದ ಹಗ್ಗದ ಸುರುಳಿಗಳನ್ನು ಬಿಚ್ಚಿ, ಅಂಗೈಯಲ್ಲಿ ಹಾಯಿಸಿ, ಎಳೆ ಬಿಟ್ಟದ್ದು ಎಲ್ಲಿ ಎಂದು ನೋಡುತ್ತ ಕೂತೆ. ಯಾರೂ ಹೇಳಿರಲಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿ ಯಾರೂ ಇಲ್ಲದಿದ್ದರೆ ಅದು ಎಷ್ಟು ಹಗುರ!

ಇವತ್ತು ಅವಳು ಚಿಮಣಿ ಹತ್ತಿದಳು. ರಾತ್ರಿ ಊಟಕ್ಕೆ ಕೂತಾಗ "ಹೇಗಿತ್ತು?" ಎಂದೆ. "ಗಾಳಿ" ಎಂದಳು. ಪೈಲ್ವಾನ ಬಾಯಿ ತುಂಬ ಅನ್ನ ಇಟ್ಟುಕೊಂಡು, "ಭಾವ, ನಮ್ಮಕ್ಕ ಮನುಷ್ಯಳಲ್ಲ ಬಿಡಿ" ಎಂದ. ಅವನಿಗೆ ಹೇಗೆ ಗೊತ್ತು? ಅವನೂ ಮೇಲೆ ನೋಡಬಾರದಲ್ಲ. ಕೇಳಿಯೇಬಿಟ್ಟೆ.

"ಜನ ಹೇಳಿದ್ದು ಭಾವ, ಜನ! ನಾನು ಗೂಟ ಬಿಟ್ಟು ಕಣ್ಣೆತ್ತಿಲ್ಲ, ಅಕ್ಕನಾಣೆ."

ಫೆಬ್ರವರಿ 19, ಬುಧವಾರ

ಇವತ್ತು ನೋಡಿದೆ.

ಬಿಳಿ ಬಣ್ಣ ಸಾಲದೆಂದು ಗಿರಣಿಯಿಂದ ಫೋನು ಬಂತು. ತೆಗೆದುಕೊಂಡು ಹೋಗಲು ಬೇರೆ ಆಳಿದ್ದ. ನಾನೇ ಹೋಗುತ್ತೇನೆಂದೆ. ಮೊಣಕಾಲಿಗೆ ನಡೆದಾಟ ಒಳ್ಳೆಯದು, ಅಷ್ಟೇ ಕಾರಣ. ಡಬ್ಬ ಇಳಿಸಿ, ಪೈಲ್ವಾನ ಹಗ್ಗ ಹಿಡಿದ ರೀತಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿದೆ. ಹಿಡಿತ ಚೆನ್ನಾಗಿತ್ತು. ತಿರುಗಿ ಹೊರಟಿದ್ದೆ. ರಸ್ತೆಯಾಚೆ ಚಹಾದಂಗಡಿಯ ಮುಂದೆ ಜನ ಗುಂಪಾಗಿ ಕತ್ತು ಮೇಲೆ ಮಾಡಿ ನಿಂತಿದ್ದರು. ಆಗ ಹೊಳೆಯಿತು: ನನ್ನ ಕೈಯಲ್ಲಿ ಹಗ್ಗವಿಲ್ಲ. ನಾನೂ ನೋಡಬಹುದು.

ಅಣ್ಣಾ, ಏನು ಬರೆಯಲಿ! (ಮತ್ತೆ ಕಾಗದದ ಚಾಳಿ. ಇರಲಿ.)

ನಾನು ಇಷ್ಟು ದಿನ ಅಂದುಕೊಂಡದ್ದು, ಅವಳು ಅಲ್ಲಿ ಗೋಡೆಗೆ ಅಂಟಿಕೊಂಡು, ಹಲ್ಲು ಕಚ್ಚಿ, ಹೇಗೋ ಬಣ್ಣ ಬಳಿದು ಬರುತ್ತಾಳೆ ಎಂದು. ಅಲ್ಲ. ಅವಳು ಗೋಡೆಯ ಮೇಲೆ ನಡೆಯುತ್ತಾಳೆ! ನಾವು ಅಂಗಳದಲ್ಲಿ ನಡೆದ ಹಾಗೆ, ಅಡ್ಡಡ್ಡ, ಹಗುರವಾಗಿ, ಎರಡು ಹೆಜ್ಜೆ ಹಾಕಿ ಒಂದು ಪಟ್ಟೆ ಎಳೆದು, ಸೆರಗು ಸರಿಮಾಡಿಕೊಂಡು ಮತ್ತೆ ಎರಡು ಹೆಜ್ಜೆ. ಮನೆಯಲ್ಲಿ ಎರಡು ಲೋಟ ತರುವಾಗ ಒಂದನ್ನು ಬೀಳಿಸುವವಳು ಇವಳೇನಾ? ಕೆಂಪು ಪಟ್ಟೆಯ ಅಂಚಿನಲ್ಲಿ ಬಿಳಿ ಗೆರೆ ಎಳೆದರೆ ನೂಲು ಹಿಡಿದ ಹಾಗೆ ನೇರ.

ಆಮೇಲೆ ಕುಂಚವನ್ನು ಡಬ್ಬಕ್ಕೆ ಸಿಕ್ಕಿಸಿ, ಹಲಗೆಯ ಮೇಲೆ ಆರಾಮವಾಗಿ ಕೂತು, ಬುತ್ತಿ ಬಿಚ್ಚಿದಳು. ಊರನ್ನು ನೋಡುತ್ತ ಒಂದೊಂದೇ ತುತ್ತು ತಿಂದಳು. ತಿನ್ನುತ್ತ ಎರಡೂ ಕಾಲು ಆಡಿಸತೊಡಗಿದಳು. ಉಯ್ಯಾಲೆಯಲ್ಲಿ ಕೂತ ಚಿಕ್ಕ ಹುಡುಗಿಯ ಹಾಗೆ, ಮುಂದೆ ಹಿಂದೆ, ಮುಂದೆ ಹಿಂದೆ. ನನ್ನ ಕಣ್ಣು ಹಗ್ಗದ ಮೇಲೆ ಹೋಯಿತು. ಹಗ್ಗ ಸಣ್ಣಗೆ ನಡುಗುತ್ತಿತ್ತು.

ಅದೇ ನಡುಕ.

ಅಲ್ಲೇ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟೆ. ಪಕ್ಕದಲ್ಲಿದ್ದ ಟೋಪಿಯವನು, "ಯಾರಪ್ಪಾ ಅದು? ಭೂಮಿ ಮೇಲೆ ಇರೋದೇ ಮರ್ತಿರೋ ಹಾಗಿದೆ" ಎಂದ.

"ನಮ್ಮನೆಯವಳು" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಂಬದೆ, ಚಹಾ ಹೀರಿದ. ನಾನು ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ. ಅಂಗಡಿಯವನಿಗೂ ಹೇಳಿದೆ. ದಾರಿಯಲ್ಲಿ ಸಿಕ್ಕ ಪೋಸ್ಟ್‌ಮನ್‌ಗೂ ಹೇಳಿದೆ. ಅವನಿಗೆ ಮೊದಲೇ ಗೊತ್ತಿತ್ತಂತೆ.

ಸ್ಟೋರಿಗೆ ಬರುವಷ್ಟರಲ್ಲಿ ತಡವಾಗಿತ್ತು.

ಫೆಬ್ರವರಿ 20, ಗುರುವಾರ

ಬೆಳಿಗ್ಗೆ ಚಹಾ ಕುಡಿಯುವಾಗ ಕೇಳಿದೆ. ಪೈಲ್ವಾನ ಇನ್ನೂ ಗೊರಕೆ ಹೊಡೆಯುತ್ತಿದ್ದ.

"ಮೇಲೆ ಕೂತಾಗ ನೀನು ಕಾಲು ಆಡಿಸ್ತೀಯಾ?"

"ಯಾರು ಹೇಳಿದ್ರು?"

"ನೋಡಿದೆ."

ಮುಖ ಕೆಂಪಾಯಿತು ಅವಳಿಗೆ, ನಿಜವಾಗಿಯೂ. "ಅಭ್ಯಾಸ ಕಣ್ರೀ. ಕೂತ್ಕೊಂಡ್ರೆ ಕಾಲು ತಾನಾಗಿ ಆಡುತ್ತೆ, ತೂಗೋ ಮುಂಚೆ ಇನ್ನೂ ಜೋರಾಗಿ. ಅಲ್ಲಿ ಎಷ್ಟು ಚೆನ್ನಾಗಿರುತ್ತೆ ಗೊತ್ತಾ?"

"ನಾನು ಹೆದರಿಕೆ ಅಂದ್ಕೊಂಡಿದ್ದೆ. ಇಷ್ಟು ವರ್ಷ. ಅದಕ್ಕೇ ಬಿಗಿ ಮಾಡ್ತಿದ್ದೆ, ಧೈರ್ಯ ಬರಲಿ ಅಂತ."

ಅವಳು ಲೋಟ ಕೆಳಗಿಟ್ಟಳು. "ಅಯ್ಯೋ ದೇವರೇ! ಸಾಕು ಆಟ, ಕೆಲಸ ನೋಡು ಅಂತ ಬೈತಿದೀರಿ ಅಂದ್ಕೊಂಡು ನಾನು ಎದ್ದು ಕುಂಚ ಹಿಡೀತಿದ್ದೆ! ಎಷ್ಟು ಸಲ ಅರ್ಧ ಊಟಕ್ಕೇ ಎದ್ದಿದೀನಿ!"

ಇಬ್ಬರೂ ನಕ್ಕ ನಗುವಿಗೆ ಪೈಲ್ವಾನ ಎದ್ದು ಕೂತು, "ಏನಾಯ್ತು, ಯಾರು ಬಿದ್ರು?" ಎಂದ. ಇನ್ನಷ್ಟು ನಕ್ಕೆವು.

ನಗು ನಿಂತ ಮೇಲೆ ಅವಳು ಲೋಟವನ್ನು ತಿರುಗಿಸುತ್ತ ಹೇಳಿದಳು. "ಅಂಚು ಬಾಕಿ ಇದೆ. ತಮ್ಮ ಚೆನ್ನಾಗೇ ಹಿಡೀತಾನೆ. ಎರಡು ಎಳೆದ್ರೆ ಸಡಿಲ ಬಿಡ್ತಾನೆ, ಒಂದು ಎಳೆದ್ರೆ ನಿಲ್ಲಿಸ್ತಾನೆ. ಆದ್ರೆ ಹಗ್ಗ ಸುಮ್ಮನಿರುತ್ತೆ ಕಣ್ರೀ. ಗೂಟಕ್ಕೇ ಕಟ್ಟಿ ಹೋಗಿಬಿಟ್ಟಿದಾನೇನೋ ಅನ್ಸುತ್ತೆ. ನಿಮ್ಮ ಬೈಗುಳ ಇಲ್ಲ ಅಂದ್ರೆ ಅಲ್ಲಿ ಒಂಥರಾ ಆಗುತ್ತೆ."

ಎಂಥ ಹೆಂಗಸು! ಗೋಡೆಯ ಮೇಲೆ ನಡೆಯುವವಳಿಗೂ ಒಂಥರಾ ಆಗುತ್ತದಂತೆ.

"ಶನಿವಾರ ಸ್ಟೋರಿಗೆ ರಜೆ ಸಿಗುತ್ತಾ?" ಎಂದು ಕೇಳಿದಳು.

"ಕೇಳ್ತೀನಿ" ಎಂದೆ. ಕೇಳಲಿಲ್ಲ. "ಶನಿವಾರ ಬರಲ್ಲ" ಎಂದು ಹೇಳಿ ಬಂದೆ.

ಫೆಬ್ರವರಿ 22, ಶನಿವಾರ

ಮಗಳೂ ಬಂದಿದ್ದಳು. ಅರ್ಧ ಊರು ಬಂದಿತ್ತು. ಗಾಳಿ ಹದವಾಗಿತ್ತು.

ಪೈಲ್ವಾನ ಹಗ್ಗವನ್ನು ನನ್ನ ಕೈಗೆ ಕೊಡುತ್ತ, "ಭಾವ, ಕೈ ಬೆವರಿದ್ರೆ ಹೇಳಿ, ನಾನು ಪಕ್ಕದಲ್ಲೇ ಇರ್ತೀನಿ" ಎಂದ. "ನೀನು ಬುತ್ತಿ ಕಾಯಿ" ಎಂದೆ. ಅವನು ಅದನ್ನು ಚೆನ್ನಾಗಿಯೇ ಕಾದ, ನಮಗೆ ಏನೂ ಉಳಿಯಲಿಲ್ಲ.

ಇವಳು ಪಟ್ಟಿ ಬಿಗಿದು, ನನ್ನ ಮುಂದೆ ಬಂದು, ಗೂಟದ ಸುತ್ತನ್ನು ತಾನೂ ಒಮ್ಮೆ ಮುಟ್ಟಿ ನೋಡಿದಳು. ಹೊರಟಳು. ನಾನು ಕಣ್ಣನ್ನು ಗೂಟಕ್ಕೆ ನೆಟ್ಟೆ.

ತುದಿಗೆ ಹೋಗಿ ಹಲಗೆಯಲ್ಲಿ ಕೂತದ್ದು ತಿಳಿಯಿತು. ಸ್ವಲ್ಪ ಹೊತ್ತು ಹಗ್ಗ ಸುಮ್ಮನಿತ್ತು. ಆಮೇಲೆ ಎರಡು ಎಳೆತ. ಬಿಟ್ಟೆ. ಮತ್ತೆ ಎರಡು. ಇನ್ನೂ ಬೇಕೇ? ಇಷ್ಟು ಸಡಿಲವನ್ನು ನಾನು ಯಾವ ದಿನವೂ ಬಿಟ್ಟವನಲ್ಲ. ಆದರೂ ಬಿಟ್ಟೆ. ಹಗ್ಗ ಅಂಗೈಯಲ್ಲಿ ಸರ್ರನೆ ಹರಿದು, ಸೋತು, ಬಾಗಿ ನಿಂತಿತು. ಆ ಕ್ಷಣ ಅವಳು ಒದ್ದಳು. ಜನರ ಬಾಯಿಂದ "ಓ" ಎಂಬ ಸದ್ದು ಒಟ್ಟಿಗೆ ಬಂತು. ಮಗಳು ನನ್ನ ತೋಳು ಹಿಡಿದಳು.

"ಅಪ್ಪಾ! ಅಮ್ಮ ಹೊರಗೆ ಹಾರಿದ್ಲು!"

"ಗೊತ್ತು."

"ಅಂಚಿನ ಅಡಿಗೆ ಹೋದ್ಲು. ಮಲಗಿಬಿಟ್ಟಿದಾಳೆ. ಒಂದೇ ಕೈಯಲ್ಲಿ... ಅಪ್ಪಾ, ನೋಡಿ!"

"ನಾನು ನೋಡಬಾರದು. ನೀನು ನೋಡಿ ಹೇಳು. ತೋಳು ಬಿಡು ಮೊದಲು."

ಬಿಟ್ಟಳು. ಸ್ಟೂಲು ಹತ್ತಿದರೆ ತಲೆ ಸುತ್ತುವ ನನ್ನ ಮಗಳು, ಕತ್ತೆತ್ತಿ ನಿಂತು, ಒಂದೊಂದನ್ನೂ ಹೇಳುತ್ತ ಹೋದಳು. ಕುಂಚ ಎಲ್ಲಿದೆ, ಕಾಲು ಎಲ್ಲಿದೆ, ಎಷ್ಟು ಬಿಳಿಯಾಯಿತು. ಮೊದಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಕೊನೆಗೆ ಚಪ್ಪಾಳೆ ತಟ್ಟಿಕೊಂಡು. ಸುತ್ತಲಿನವರೂ ಅವಳ ಮಾತು ಕೇಳುತ್ತಿದ್ದರು. "ನಮ್ಮಮ್ಮ" ಎಂದು ಅದೆಷ್ಟು ಸಲ ಹೇಳಿದಳೋ! ಒದೆತ, ತೂಗು, ಪಟ್ಟೆ. ಒದೆತ, ತೂಗು, ಪಟ್ಟೆ. ಅಂಚು ಪೂರ್ತಿ ಸುತ್ತು ಬರುವವರೆಗೂ ನಾನು ಬಿಡುತ್ತ, ಎಳೆಯುತ್ತ, ಬಿಡುತ್ತ ಇದ್ದೆ. ಒಂದು ಸಲವೂ ಹಗ್ಗ ಅವಳನ್ನು ತಡೆಯಲಿಲ್ಲ.

ಆಮೇಲೆ ನಡುಕ ಬಂತು. ಮುಂದೆ ಹಿಂದೆ, ಮುಂದೆ ಹಿಂದೆ.

"ಅಮ್ಮ ಸುಮ್ಮನೆ ಕೂತಿದಾಳೆ ಅಪ್ಪಾ. ಮುಗೀತು ಅನ್ಸುತ್ತೆ. ಕಾಲು..."

"ಆಡಿಸ್ತಿದಾಳೆ."

"ನೋಡದೇ ಹೇಗೆ ಗೊತ್ತು?"

ಬಿಗಿ ಮಾಡಲಿಲ್ಲ. ಆಡಿಸಲಿ ಎಂದು ಬಿಟ್ಟೆ. ಬಹಳ ಹೊತ್ತು ಆಡಿಸಿದಳು. ಕೊನೆಗೆ ನನಗೇ ತಡೆಯದೆ ಒಂದೇ ಒಂದು ಸಲ, ಮೆತ್ತಗೆ, ಬಿಗಿ ಮಾಡಿದೆ. ಸುಮ್ಮನೆ. ಬೈಗುಳಕ್ಕೆ. ಮೇಲಿಂದ ಅವಳ ನಗು ಕೇಳಿಸಿತು ಎಂದು ಮಗಳು ಹೇಳುತ್ತಾಳೆ. ಅಷ್ಟು ಎತ್ತರದಿಂದ ಕೇಳಿಸುತ್ತದೆಯೇ? ಗೊತ್ತಿಲ್ಲ. ನನಗೆ ಹಗ್ಗದಲ್ಲಿ ಬಂತು.

ಫೆಬ್ರವರಿ 27, ಗುರುವಾರ

ಸ್ಟೋರಿನ ವಿಷಯ ತೀರ್ಮಾನವಾಯಿತು. ಕಂಟ್ರಾಕ್ಟರ ಮುಂದೆ ಇವಳು ಪಟ್ಟು ಹಿಡಿದು ಕೂತಳು. ಮನೆಗೆ ಬರುತ್ತೇವೆ, ಸ್ಟೋರು ನೋಡಿಕೊಳ್ಳುತ್ತೇವೆ, ಆದರೆ ಎತ್ತರದ ಕೆಲಸ ಬಂದ ದಿನ ಸ್ಟೋರಿಗೆ ಬೀಗ. "ಇಬ್ಬರೂ ಹೋದ್ರೆ ಸ್ಟೋರು ಯಾರು ನೋಡ್ತಾರಕ್ಕಾ?" ಎಂದರು ಅವರು. "ಡಬ್ಬಗಳೇನು ಹೊತ್ತು ಹೊತ್ತಿಗೆ ಊಟ ಕೇಳ್ತಾವಾ?" ಎಂದಳು. ಒಪ್ಪಿದರು. ಒಪ್ಪದೆ ಏನು ಮಾಡಿಯಾರು, ಆ ಚಿಮಣಿ ನೋಡಿದ ಮೇಲೆ.

ನನಗೆ ಆ ಬೆನ್ನಿನ ಕುರ್ಚಿ ಇಷ್ಟವೇ. ಹೊಸ ಅಡುಗೆಮನೆಯ ಕಿಟಕಿಯ ಎದುರು ಗೋಡೆಯಿದ್ದರೂ, ಮಾಳಿಗೆ ಹತ್ತಿದರೆ ಚಿಮಣಿ ಕಾಣುತ್ತದಂತೆ. ಅವಳು ಆಗಲೇ ಹತ್ತಿ ನೋಡಿದ್ದಾಳೆ.

ಮಾರ್ಚ್ 2, ಭಾನುವಾರ

ಸಾಮಾನು ಸಾಗಿಸಿ ಮುಗಿದ ಮೇಲೆ, ಮಾಳಿಗೆಗೆ ಬನ್ನಿ ಎಂದಳು ಇವಳು. ಒಳಗೆ ಮೆಟ್ಟಿಲಿಲ್ಲ, ಹೊರಗೋಡೆಗೆ ಕಬ್ಬಿಣದ ಏಣಿ. "ನನ್ನಿಂದಾಗಲ್ಲ ಕಣೇ" ಎಂದೆ. ಅವಳು ತನ್ನ ಪಟ್ಟಿಯನ್ನು ನನ್ನ ನಡುವಿಗೆ ಬಿಗಿದಳು. ಬಿಗಿಯಲು ಎರಡು ತೂತು ಹೊಸದಾಗಿ ಹೊಡೆಯಬೇಕಾಯಿತು. ಮಗಳು ನಗುತ್ತಿದ್ದಳು. ಮಾಳಿಗೆಯ ಕಂಬಿಯ ಮೇಲಿಂದ ಇಳಿದು ಬಂದ ಹಗ್ಗ ಇವಳ ಕೈಯಲ್ಲಿ.

ಮೂರನೇ ಮೆಟ್ಟಿಲಿಗೆ ಕಣ್ಣು ಕತ್ತಲೆ ಬಂತು, ಎಂದಿನಂತೆ. ಕಣ್ಣು ಮುಚ್ಚಿ ಇನ್ನೊಂದು ಹತ್ತಿದೆ. ಆಮೇಲೆ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕಾಲು ಗಡಗಡ. ಬಗ್ಗಿ ಕೆಳಗೆ ನೋಡಿದೆ. ಅವಳು ಮೇಲೆ ನೋಡುತ್ತಿರಲಿಲ್ಲ. ನನಗೆ ಕಂಡದ್ದು ನೆರೆತ ಬೈತಲೆ ಮತ್ತು ಹಗ್ಗ ಹಿಡಿದ ಎರಡು ಕೈ. ಬಿಳಿ ಬಣ್ಣ ಇನ್ನೂ ಉಗುರಲ್ಲಿತ್ತು.

"ಅಮ್ಮಾ, ಹಗ್ಗ ನಡುಗ್ತಿದೆ!" ಎಂದಳು ಮಗಳು.

"ನಿಮ್ಮಪ್ಪ ಕಾಲು ಆಡಿಸ್ತಿದಾರೆ" ಎಂದಳು ಇವಳು, ತಲೆ ಎತ್ತದೆ, ಮತ್ತು ಇನ್ನಷ್ಟು ಸಡಿಲ ಬಿಟ್ಟಳು.

ಅಲ್ಲ ಎಂದು ಹೇಳಬೇಕಿತ್ತು. ಸಡಿಲ ಬೇರೆ ಸಿಕ್ಕಿತ್ತಲ್ಲ, ಇನ್ನೊಂದು ಮೆಟ್ಟಿಲು ಹತ್ತಿದೆ.